ಜವಾಬು ಸಿಗದ ಸಿಳ್ಳೆ

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಹಕ್ಕಿಯ ಕೂಗಿನಲ್ಲಿ ಶಕುನ ಹುಡುಕುವವರನ್ನು ಕಂಡರಂತೂ ನಗು ಬರುತ್ತಿತ್ತು. ಹಕ್ಕಿ ಕೂಗುವುದು ಜೋಡಿಗಾಗಿ, ಜಾಗಕ್ಕಾಗಿ, ನಮಗಾಗಿ ಅಲ್ಲ ಎಂದು ವಾದಿಸುತ್ತಿದ್ದೆ. ಈಗಲೂ ಹಾಗೆಯೇ ನಂಬಿದ್ದೇನೆ. ಆದರೂ ಇದನ್ನು ಬರೆಯದೆ ಇರಲಾಗುತ್ತಿಲ್ಲ.

ಕೆಲವು ವರ್ಷಗಳ ಹಿಂದೆ ಹಿರೇಗುಂಟನೂರಿನ ಕಡೆಯ ಕುರುಚಲು ಕಾಡಿಗೆ ಹಕ್ಕಿ ನೋಡಲು ಹೋಗುತ್ತಿದ್ದೆ. ಉಳಿಯುತ್ತಿದ್ದುದು ಕೆಂಚಮ್ಮ ಎಂಬ ವಯಸ್ಸಾದ ಹೆಂಗಸಿನ ಮನೆಯಲ್ಲಿ. ಕುರಿ ಸಾಕುತ್ತಿದ್ದ ಅವರ ಗಂಡ ನಾನು ಆ ಊರು ನೋಡುವ ಎಷ್ಟೋ ಮೊದಲೇ ತೀರಿಕೊಂಡಿದ್ದರು. ಕುರಿಗಳನ್ನು ಮಾರಿಯಾಗಿತ್ತು. ಅವನ್ನು ಕೂಡಿಹಾಕುತ್ತಿದ್ದ ರೊಪ್ಪ ಮನೆ ಪಕ್ಕದಲ್ಲಿ ಖಾಲಿ ಬಿದ್ದಿತ್ತು.

ಒಂದು ಸಂಜೆ ಹೊತ್ತು ಮುಳುಗುವಾಗ ಮನೆಯ ಹಿಂದಿನ ದಿಬ್ಬದಿಂದ ಒಂದು ಹಕ್ಕಿ ಕೂಗಿತು. ಎರಡು ಗಿಡ್ಡ ಸಿಳ್ಳೆ, ಆಮೇಲೆ ಒಂದು ಉದ್ದನೆಯ ಎಳೆತ, ಕೊನೆಗೆ ದನಿ ಮೇಲಕ್ಕೆ. ಆ ಕಾಡಿನ ಹಕ್ಕಿಗಳೆಲ್ಲ ನನಗೆ ಗೊತ್ತು ಎಂಬ ಜಂಬವಿತ್ತು. ಇದು ಗೊತ್ತಾಗಲಿಲ್ಲ. ಹಕ್ಕಿಯ ದನಿ ಗುರುತಿಸುವ ಮೊಬೈಲಿನ ಆ್ಯಪ್ ಕೂಡ ಕೈಚೆಲ್ಲಿತು. ಬೈನಾಕ್ಯುಲರ್ ಹಿಡಿದು ಒಂದೊಂದೇ ಪೊದೆ ಹುಡುಕಿದೆ, ಏನೂ ಕಾಣಲಿಲ್ಲ. ಪ್ರತಿ ಸಲ ಕೂಗಿದ ಮೇಲೆ ಅದು ಯಾರಿಗೋ ಕಾದಂತೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು. ಕತ್ತಲಾಗುತ್ತ ದನಿ ಹೊಲಗಳ ಕಡೆ ಸರಿದು ನಿಂತುಹೋಯಿತು.

ದುರ್ಗದ ಪೇಟೆಗೆ ಹೋಗಿದ್ದ ಕೆಂಚಮ್ಮ ಆಮೇಲೆ ಬಂದರು. ಇದು ಯಾವ ಹಕ್ಕಿ ಎಂದು ಆ ಕೂಗನ್ನು ಸಿಳ್ಳೆ ಹಾಕಿ ತೋರಿಸಿದೆ. ಚೀಲ ಇಳಿಸುತ್ತಿದ್ದವರು ಹಾಗೇ ನಿಂತರು.

"ಹಕ್ಕಿದಲ್ಲಪ್ಪ ಇದು, ನಮ್ಮ ಯಜಮಾನಂದು. ಕುರಿ ಹೊಡ್ಕಂಡು ಬರುವಾಗ ದಿಬ್ಬದ ಮೇಲಿಂದ ಹಾಕ್ತಿದ್ದ. ನಾನು ತಿರುಗಿ ಸಿಳ್ಳೆ ಹಾಕಿದ್ರೆ ರೊಪ್ಪ ತೆಗೆದೈತೆ ಅಂತ. ಹಾಕದಿದ್ರೆ ಕುರಿ ಹೊಲಕ್ಕೆ ಹೊಡ್ಕಂಡು ಹೋಗಿ ಅಲ್ಲೇ ಮಲಗ್ತಿದ್ದ."

ಚೀಲ ಕೆಳಗಿಟ್ಟು ಹೇಳಿದರು. "ಸಂಜಿಗೆ ಬತ್ತೀನಿ ಅಂತ ತವರಿಗೆ ಹೋದೋಳು ಒಂದಿನ ಅಲ್ಲೇ ಉಳ್ಕಂಡೆ. ಆತ ಹೊಲದಾಗೆ ಮಲಗ್ದ. ಅವತ್ತೇ ಹಾವು ಕಡೀತು." ಆಮೇಲೆ ನನ್ನನ್ನೇ ನೋಡಿ, "ನೀನು ತಿರುಗಿ ಹಾಕಿದೇನಪ್ಪ?" ಎಂದು ಕೇಳಿದರು.

ಇಲ್ಲ ಎಂದೆ. "ಹೋಗ್ಲಿ ಬಿಡು" ಎಂದು ಒಳಗೆ ಹೋದರು.

ಮರುದಿನ ಸಂಜೆ ರೊಪ್ಪದ ಬಾಗಿಲು ತೆಗೆದು, ದಿಬ್ಬದ ಕಡೆ ಮುಖ ಮಾಡಿ ಕೂತರು. ನಾನಿದ್ದಷ್ಟು ದಿನವೂ ಕೂತರು. ಅದು ಮತ್ತೆ ಕೂಗಲಿಲ್ಲ.

ಬೇರೆ ದನಿಗಳನ್ನು ಅಣಕಿಸುವ ಹಕ್ಕಿಗಳಿವೆ, ನಿಜ. ಆದರೆ ಸಿಳ್ಳೆ ಹಾಕುವವರೇ ಇಲ್ಲವಾದ ಇಷ್ಟು ಕಾಲದ ಮೇಲೆ ಅದನ್ನು ಯಾರಿಂದ ಕಲಿತಿತೋ ನನಗೆ ತಿಳಿಯದು. ಆ ಹಕ್ಕಿಯ ಹೆಸರೂ ಇಂದಿಗೂ ತಿಳಿದಿಲ್ಲ. ಮನಸ್ಸನ್ನು ಕೊರೆಯುವುದು ಅದಲ್ಲ. ಆ ಸಿಳ್ಳೆ ನನ್ನ ಬಾಯಿಗೆ ಅಷ್ಟು ಸಲೀಸಾಗಿ ಬರುತ್ತಿತ್ತು. ಕೆಂಚಮ್ಮನ ಮುಂದೆ ಹಾಕಿ ತೋರಿಸಿದೆ, ದಿಬ್ಬದ ಕಡೆಗೆ ಹಾಕಲಿಲ್ಲ.