ಎಲೆತೋಟದ ಬಾವಿ

ಅವ್ವ ತೀರಿಕೊಂಡ ಮರುತಿಂಗಳು, ಅವಳ ಕಾರ್ಯಕ್ಕೆ ವೀಳ್ಯದೆಲೆ ತರಲು ಶಿಗ್ಗಾವಿಯಿಂದ ನವಾಬರ ಸವಣೂರಿಗೆ ಹೋದೆ. ನಾನು ಬೆಳೆದ ಓಣಿಯ ಹಿಂದೆಯೇ ಹುಸೇನಸಾಬರ ಎಲೆತೋಟ. ಬಳ್ಳಿಗಳ ನಡುವೆ ಬಿಸಿಲು ಹಸಿರಾಗಿ ಇಳಿಯುತ್ತಿತ್ತು. ನೀರಿನ ತಳದಲ್ಲಿ ನಡೆದಂತೆ ಅನಿಸಿತು.

ಚಿಕ್ಕಂದಿನಲ್ಲಿ ಆ ತೋಟಕ್ಕೆ ನಾನು ಕಾಲಿಟ್ಟವನಲ್ಲ. "ಅಲ್ಲಿ ಸಾಬ ಹುಡುಗರನ್ನ ಚೀಲದಾಗ ತುಂಬ್ಕೊಂಡು ಒಯ್ತಾನ" ಎಂದು ಅವ್ವ ಹೇಳುತ್ತಿದ್ದಳು. ಬೆಳೆದಂತೆ ಚೀಲವನ್ನು ನಂಬುವುದು ಬಿಟ್ಟೆ, ಅಂಜಿಕೆ ಬಿಡಲಿಲ್ಲ. ಒಬ್ಬ ಸಾಬರ ಮೇಲಿದ್ದದ್ದು ಎಲ್ಲ ಸಾಬರ ಮೇಲೂ ಹರಡಿತು. ಮಾಸ್ತರನಾದ ಮೇಲೂ ಅವರ ಕೈಯ ನೀರು ಕುಡಿದಿರಲಿಲ್ಲ.

ಮುದುಕರಾದ ಹುಸೇನಸಾಬರು ಎಲೆ ಕಟ್ಟಿಕೊಟ್ಟು, ನೀರಿನ ತಂಬಿಗೆ ಮುಂದೆ ಹಿಡಿದರು. ನನ್ನ ಕೈ ಏಳಲಿಲ್ಲ. ಅವರು ನಕ್ಕರು.

"ಇನ್ನೂ ಚೀಲದ ಅಂಜಿಕಿ ಏನ್ರಿ ಮಾಸ್ತರ? ಆ ಮಾತು ನಿಮ್ಮವ್ವಗ ನಾನ ಹೇಳಿಕೊಟ್ಟಿದ್ದು. ನಮ್ಮ ಬಾವಿಗೆ ಕಟ್ಟಿ ಇರಲಿಲ್ಲ ನೋಡ್ರಿ. ನನ್ನ ಹೆಸರು ಹೇಳಿ ಅಂಜಸ್ರಿ ಅಕ್ಕಾರ, ಹುಡುಗ್ರು ಉಳೀತಾವ ಅಂದಿದ್ದೆ. ಎಲಿ ಒಯ್ಯಾಕ ಬಂದಾಗೆಲ್ಲ ಅಕ್ಕಾರು ಮಾಫಿ ಕೇಳ್ತಿದ್ರು. ಬ್ಯಾಡ ಅಂದ್ರೂ ಬಿಡ್ತಿರಲಿಲ್ಲ."

ಅವ್ವ ಕೇಳಿದ ಆ ಕ್ಷಮೆ ನನ್ನ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ. ತಂಬಿಗೆ ಇಸಿದುಕೊಂಡು, ಬರಿದಾಗುವವರೆಗೆ ಕುಡಿದೆ.

ನಮ್ಮ ಶಾಲೆಯ ಹಿಂದಿನ ಬಾವಿಯಿಂದ ಮಕ್ಕಳನ್ನು ದೂರವಿಡಲು ನಾನೂ ಅದೇ ಸಾಬನ ಕತೆ ಹೇಳುತ್ತಿದ್ದೆ. ಮರುದಿನ ಅದನ್ನು ಬಿಟ್ಟು, ಬಾವಿಗೆ ಕಟ್ಟೆಯಿಲ್ಲ ಎಂದಷ್ಟೇ ಹೇಳಿದೆ. ಒಬ್ಬರೂ ಅಂಜಲಿಲ್ಲ. ಕಡೆಗೆ ಕಟ್ಟೆಯನ್ನೇ ಕಟ್ಟಿಸಬೇಕಾಯಿತು.