ಡಬ್ಬಿಯಲ್ಲಿ ಉಳಿದ ಗಜ್ಜರಿ

ಗಜ್ಜರಿಯ, ಅಂದರೆ ಈಗಿನವರ ಕ್ಯಾರೆಟ್ಟಿನ, ಎಳೆ ಸೊಪ್ಪನ್ನು ಹಿಸುಕಿದರೆ ಒಂದು ವಾಸನೆ ಬರುತ್ತದೆ. ಕೊತ್ತಂಬರಿಯೂ ಅಲ್ಲ, ಓಮವೂ ಅಲ್ಲ, ನಡುವೆ ಎಲ್ಲೋ. ಎರಡು ತಿಂಗಳ ಹಿಂದೆ ಮಗಳು ತಾರಸಿಯ ಮೇಲಿನ ಹಳೇ ಪೇಂಟ್ ಬಕೆಟ್ಟಿನಲ್ಲಿ ದಟ್ಟವಾಗಿ ಎದ್ದ ಗಜ್ಜರಿಯ ಸಸಿ ಕಿತ್ತು, ಅದೇ ಕೈಯಲ್ಲಿ ನನಗೆ ಚಹಾ ತಂದುಕೊಟ್ಟಳು. ಕುಡಿಯಲಾಗಲಿಲ್ಲ, ಲೋಟ ಕೆಳಗಿಟ್ಟೆ. ಅರವತ್ತು ವರ್ಷಕ್ಕೂ ಹಿಂದಿನ ನರ್ಸಬಾಯಿ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು...

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಗಂಡನಿಗೆ ಸಿದ್ದಾಪುರದ ಕಚೇರಿಯಲ್ಲಿ ಗುಮಾಸ್ತಿಕೆ. ನಮ್ಮ ಬಾಡಿಗೆ ಮನೆಗೂ ನರ್ಸಬಾಯಿಯ ಮನೆಗೂ ನಡುವೆ ಒಂದೇ ಗೋಡೆ. ಊರಿನ ಹೆರಿಗೆಗಳನ್ನೆಲ್ಲ ನೋಡುತ್ತಿದ್ದ ಅವರು ಧಾರವಾಡದ ಕಡೆಯವರು, ಒಬ್ಬರೇ ಇದ್ದರು. ಗಂಡ, ಮಕ್ಕಳು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗೆ ಅದು ಮೂರನೆಯ ಬಸಿರು. ಮೊದಲಿನ ಎರಡೂ ನಾಲ್ಕು ತಿಂಗಳು ದಾಟಿರಲಿಲ್ಲ. ದೇವರೇ, ಒಂದು ಉಳಿಸಿಕೊಡು, ಒಂದೇ ಸಾಕು ಎಂದು ದಿನಕ್ಕೆ ಹತ್ತು ಸಲ ಬೇಡಿಕೊಳ್ಳುತ್ತಿದ್ದೆ.

ಅವರ ಹಿತ್ತಲಲ್ಲಿ ಚಿಮಣಿ ಎಣ್ಣೆಯ ಖಾಲಿ ಡಬ್ಬಿಗಳ ಸಾಲು. ಗಟ್ಟಿ ಚಿರೆಕಲ್ಲಿನ ನೆಲದಲ್ಲಿ ಗಜ್ಜರಿಯ ಬೇರು ಇಳಿಯುವುದಿಲ್ಲವೆಂದು ಡಬ್ಬಿಯಲ್ಲೇ ಬೆಳೆಯುತ್ತಿದ್ದರು. ತಳಕ್ಕೆ ಮೊಳೆಯಿಂದ ತೂತು. ಮಣ್ಣು, ಹೊಳೆಮರಳು, ಹಳೇ ಗೊಬ್ಬರ ಮೂರನ್ನೂ ಹಿಟ್ಟಿನ ಹಾಗೆ ಜರಡಿ ಹಿಡಿಯುತ್ತಿದ್ದರು. ಒಂದು ಹರಳು ಉಳಿದರೂ ಬೇರು ಕವಲೊಡೆಯುತ್ತದಂತೆ. ಬೀಜವನ್ನು ಮರಳಲ್ಲಿ ಕಲಸಿ ಉದುರಿಸಿ, ಮೊಳೆಯುವ ತನಕ ಒದ್ದೆ ಗೋಣಿ ಮುಚ್ಚುತ್ತಿದ್ದರು. ಊರಲ್ಲಿ ಯಾರಿಗಾದರೂ ಆರು ತಿಂಗಳು ತುಂಬಿತೆಂದರೆ ಒಂದು ಡಬ್ಬಿ ಬಿತ್ತುತ್ತಾರೆ, ಹೆತ್ತ ಮೇಲೆ ಬಾಣಂತಿಗೆ ಕೊಡುತ್ತಾರೆ ಎಂಬ ಮಾತಿತ್ತು. ಸುಳ್ಳಲ್ಲ. ಮೂಲೆಯ ಡಬ್ಬಿ ನನ್ನದು ಎಂದು ಅವರೇ ತೋರಿಸಿದ್ದರು.

ಹೊಟ್ಟೆಗೆ ಒತ್ತಿ ಮಗುವಿನ ಎದೆಬಡಿತ ಕೇಳುವ ಮರದ ಕೊಳವೆಯೊಂದು ಅವರ ಬಳಿ ಇತ್ತು. ಒಂದು ಸಂಜೆ ಅದನ್ನು ಡಬ್ಬಿಯ ಮಣ್ಣಿಗೆ ಒತ್ತಿ, ಕಣ್ಣು ಮುಚ್ಚಿ ಕಿವಿಗೊಟ್ಟು ಕೂತಿದ್ದನ್ನು ನಾನು ಬೇಲಿಯ ಸಂದಿಯಿಂದ ಕಂಡೆ. ಗಂಡನಿಗೆ ಹೇಳಿದರೆ ನಕ್ಕುಬಿಟ್ಟರು.

ಏಳನೆಯ ತಿಂಗಳಲ್ಲಿ ನನ್ನನ್ನು ಪರೀಕ್ಷೆ ಮಾಡಿದರು. ಕೊಳವೆಯನ್ನು ಬಲಗಡೆ ಇಟ್ಟರು. ಆಮೇಲೆ ಎಡಗಡೆ. ಮತ್ತೆ ಬಲಗಡೆ. ಕೊಳವೆ ಒರೆಸಿಕೊಂಡು ಎದ್ದು ಹೋದರು. ಮಾರನೆಯ ದಿನ ಹಿತ್ತಲಿಗೆ ಕರೆದರು. ನನ್ನ ಡಬ್ಬಿಯಲ್ಲಿ ದೂರ ದೂರಕ್ಕೆ ಒಂದೊಂದೇ ಸಸಿ ಬಿಟ್ಟು, ಮಿಕ್ಕಿದ್ದನ್ನೆಲ್ಲ ಅವರೇ ಕಿತ್ತು ಮುಗಿಸಿದ್ದರು. ನಟ್ಟನಡುವೆ ಮಾತ್ರ ಎರಡು ಸಸಿ, ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು.

"ಜೋಡಿ ಬಿಟ್ರ ಎರಡೂ ಕೆಡ್ತಾವ ತಂಗಿ. ಒಂದ ಕಿತ್ತ ಒಗಿ," ಎಂದರು.

"ಎರಡೂ ಚೊಲೋ ಇದ್ದು ಬಾಯಿ. ಯಾವ್ದನ್ನ ಕೀಳಲಿ?"

"ನೀನ ನೋಡು. ನಾ ಹೇಳಂಗಿಲ್ಲ."

ಬಸುರಿ ಹಸಿರು ಕೀಳಬಾರದೆಂದು ಅತ್ತೆ ಹೇಳಿ ಕಳಿಸಿದ್ದರು. ಆದರೂ ಕಿತ್ತೆ. ಯಾಕೆ ಕಿತ್ತೆನೋ, ಇವತ್ತಿಗೂ ತಿಳಿಯದು. ಅವರ ಮುಖ ಹಾಗಿತ್ತು... ಬೆರಳಿನ ವಾಸನೆ ಸೀಗೆಪುಡಿ ಹಾಕಿ ತಿಕ್ಕಿದರೂ ಎರಡು ದಿನ ಹೋಗಲಿಲ್ಲ.

ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ನೋವು ಬಂತು. ಮೊದಲು ಮಗಳು ಹುಟ್ಟಿ ಅತ್ತಳು. ಅವಳ ಹಿಂದೆಯೇ ಒಬ್ಬ ಗಂಡುಮಗು. ಅದು ಅಳಲಿಲ್ಲ. ನರ್ಸಬಾಯಿ ಕಾಲು ಹಿಡಿದು ತಟ್ಟಿದರು, ಬಾಯಿಗೆ ಬಾಯಿಟ್ಟು ಊದಿದರು, ಬಿಸಿನೀರು ತಣ್ಣೀರು ಎಲ್ಲ ಮಾಡಿದರು. ಕೊನೆಗೆ ಬಟ್ಟೆಯಲ್ಲಿ ಸುತ್ತಿ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು: "ಅವತ್ತ ಯಾವ್ದ ಕಿತ್ತಿ ತಂಗಿ? ಬಲಕಿನ್ದೋ, ಎಡಕಿನ್ದೋ?"

"ಎಡದ್ದು," ಎಂದೆ.

ಅವರು ತಲೆಯಾಡಿಸಿ ಮಗುವನ್ನು ಎತ್ತಿಕೊಂಡು ಹೊರಗೆ ಹೋದರು.

ಹದಿನೈದು ದಿನದ ಮೇಲೆ, ಆ ಜೋಡಿಯಲ್ಲಿ ಉಳಿದ ಒಂದು ಗಜ್ಜರಿಯನ್ನು ಬೇಯಿಸಿ ತಂದರು. ಒಂದು ಕವಲಿಲ್ಲದೆ, ನೆಟ್ಟಗೆ ಬೆಳೆದಿತ್ತು. ಹಾಲು ಬರಬೇಕಲ್ಲ, ತಿಂದೆ. ಸಿಹಿಯಾಗಿತ್ತು. ಅದು ಸಿಹಿಯಾಗಿತ್ತು ಎಂಬುದಕ್ಕೇ ಎಷ್ಟೋ ವರ್ಷ ನನ್ನನ್ನು ನಾನು ಬೈದುಕೊಂಡಿದ್ದೇನೆ. ಅವರನ್ನೂ ಬೈದುಕೊಂಡಿದ್ದೇನೆ. ಅವರಿಲ್ಲದಿದ್ದರೆ ನಾನೂ ಮಗಳೂ ಬದುಕುತ್ತಿರಲಿಲ್ಲ ಎನ್ನುವುದೂ ಗೊತ್ತು. ಅಂತೂ ಆ ಬೇಸಿಗೆಯಲ್ಲಿ ಅವರಿಗೆ ವರ್ಗವಾಯಿತು. ಡಬ್ಬಿಗಳೆಲ್ಲ ಖಾಲಿಯಾಗಿ ಹಿತ್ತಲಲ್ಲೇ ಉಳಿದವು. ಆಮೇಲೆ ಅವರು ಎಲ್ಲಿದ್ದರೋ, ಎಂದು ತೀರಿಹೋದರೋ... ಒಂದು ಕಾಗದವನ್ನೂ ನಾನು ಬರೆಯಲಿಲ್ಲ. ಅವಳಿಜವಳಿಯ ಸುದ್ದಿಯನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ. ಮಗಳಿಗೆ ಹೇಳಲೇ ಇಲ್ಲ.

ಎರಡು ತಿಂಗಳ ಹಿಂದೆ ಅವತ್ತು ಚಹಾ ಕೊಟ್ಟ ಮಗಳು, ಬಕೆಟ್ಟಿನಲ್ಲಿ ಇನ್ನೂ ಒಂದು ಜೋಡಿ ಉಳಿದಿದೆ, ಯಾವುದನ್ನು ತೆಗೆಯಲಿ ಎಂದು ಕೇಳಿದಳು. ಎರಡೂ ಇರಲಿ ಎಂದೆ. ನನ್ನ ದನಿ ಕೇಳಿ ಎರಡನ್ನೂ ಹಾಗೇ ಬಿಟ್ಟಳು.

ನಿನ್ನೆ ಅದನ್ನು ಕಿತ್ತು ತಂದಳು. ಬೆರಳುದ್ದದ ಎರಡು ಸಣಕಲು ಗಜ್ಜರಿ, ಒಂದನ್ನೊಂದು ಸುತ್ತಿಕೊಂಡಿದ್ದವು. "ನೋಡೇ ಆಯಿ, ಬಿಡಿಸಲೂ ಬತ್ತಿಲ್ಲೆ," ಎಂದು ನಕ್ಕಳು.

ಇನ್ನು ನನ್ನಿಂದ ತಡೆಯಲಾಗಲಿಲ್ಲ. ನಿನ್ನ ಜೊತೆಗೆ ಇನ್ನೊಂದು ಮಗು ಹುಟ್ಟಿತ್ತು, ಗಂಡು, ಉಳಿಯಲಿಲ್ಲ ಎಂದೆ. ಅಷ್ಟೇ ಹೇಳಿದ್ದು, ಕಿತ್ತ ಸಸಿಯ ಮಾತು ಎತ್ತಲಿಲ್ಲ. ಅವಳು ಗಜ್ಜರಿಗಳ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ ತಲೆ ಎತ್ತದೆ ಕೇಳಿದಳು:

"ಎಡಗಡೆಗೆ ಇದ್ದಿದ್ದನಾ?"