ಚಹಾ ನಿಷೇಧದ ವರ್ಷ ನನ್ನನ್ನು ನೋಡಲು ಬಂದವರು

ಎಂಬತ್ತರ ದಶಕದ ಕೊನೆಯಲ್ಲಿ ಅಂಕಲಿ ಹತ್ತಿರದ ನಮ್ಮೂರಿನ ಹಿರಿಯರು ಸೇರಿ ಒಂದು ಕಟ್ಟಳೆ ಮಾಡಿದರು. ಹೆಣ್ಣು ನೋಡಲು ಬಂದವರಿಗೆ ಯಾರೂ ಚಹಾ ಕೊಡಬಾರದು, ನೀರಷ್ಟೇ. ಕೊಟ್ಟರೆ ಗುಡಿಗೆ ಐದು ಸೇರು ಎಣ್ಣೆ ದಂಡ. ಒಂದೇ ದಿನ ಮೂರು ಮನೆ ಹೊಕ್ಕು, ಮೂರೂ ಕಡೆ ಚಹಾ ಹೀರಿ, "ಆಮ್ಯಾಲ ತಿಳಸ್ತೇವ್ರಿ" ಎಂದು ಬಸ್ ಹತ್ತುವವರ ಕಾಟ ಅಷ್ಟು ಹೆಚ್ಚಾಗಿತ್ತು.

ಹಿರಿಯರಿಗೆ ಒಂದು ಸಂಗತಿ ಹೊಳೆಯಲೇ ಇಲ್ಲ. ನಾವು ಹುಡುಗಿಯರು ಗಂಡಿನ ಮುಖ ನೋಡುತ್ತಿದ್ದುದೇ ಚಹಾದ ತಾಟು ಹಿಡಿದಾಗ. ಬಗ್ಗಿ ಕಪ್ಪು ಕೊಡುವ ನೆಪದಲ್ಲಿ ಒಮ್ಮೆ ಕಣ್ಣೆತ್ತಿದರೆ ಮೂಗು, ಮೀಸೆ ಎಲ್ಲ ಕಾಣುತ್ತಿತ್ತು. ಹಾಗೆ ನೋಡಿಯೇ ನಾನು ಇಬ್ಬರನ್ನು ಅತ್ತು ಕರೆದು ತಪ್ಪಿಸಿಕೊಂಡಿದ್ದೆ. ಈಗ ತಾಟಿಲ್ಲ, ತಲೆ ತಗ್ಗಿಸಿ ಕೂತು ಎದ್ದು ಬರಬೇಕು. ಪಕ್ಕದ ಮನೆಯ ಗೆಳತಿ ಗಂಡನ ಕಾಲುಬೆರಳು ಮಾತ್ರ ನೋಡಿ ಮದುವೆಯಾದಳು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಆ ಬೇಸಿಗೆ ಕೊಕಟನೂರ ಕಡೆಯಿಂದ ಗಂಡು ಬಂತು. ನಾನೂ ಕಾಲುಬೆರಳು ನೋಡಿ, ಕೇಳಿದ್ದಕ್ಕೆ ಉತ್ತರ ಕೊಟ್ಟು, ಅಡುಗೆಮನೆ ಸೇರಿದೆ. ಹೆಂಗಸರೆಲ್ಲ ಪಡಸಾಲೆಯ ಬಾಗಿಲಲ್ಲಿ ಗುಂಪಾಗಿದ್ದರು. ಸಿಟ್ಟಿನಲ್ಲಿ ನನಗೊಬ್ಬಳಿಗೇ ಒಂದು ಕಪ್ ಚಹಾ ಕಾಸತೊಡಗಿದೆ. ಶುಂಠಿ ಜಜ್ಜಿ ಹಾಕಿದ್ದೇ ತಡ, ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ಕಾಲುಬೆರಳಿನಿಂದಲೇ ಗುರುತು ಹಿಡಿದೆ, ಕೈ ತೊಳೆಯುವ ನೆಪ ಹೇಳಿ ಎದ್ದು ಬಂದಿದ್ದ ಗಂಡು!

"ಒಂದೀಟ ಚಾ ಸಿಗತೈತೇನ್ರಿ? ಮುಂಜಾನಿಂದ ಬಸ್ಸಿನ್ಯಾಗ ಕುಂತು ತಲಿ ಸಿಡ್ಯಾಕತ್ತೈತಿ."

"ಐದ ಸೇರ ಎಣ್ಣಿ ದಂಡ ಬೀಳತೈತ್ರಿ," ಎಂದೆ. ಆದರೂ ಕಪ್ಪು ತುಂಬಿ ಬಸಿಯ ಮೇಲಿಟ್ಟು ಕೊಟ್ಟೆ.

ಪಾತ್ರೆ ಖಾಲಿಯಾದದ್ದನ್ನು ಆತ ನೋಡಿದ. ಅರ್ಧ ಚಹಾ ಬಸಿಗೆ ಸುರಿದುಕೊಂಡು ಕಪ್ಪನ್ನು ನನ್ನ ಕಡೆ ಸರಿಸಿದ.

"ನಿಮಗಂತ ಕಾಸಿದ್ದು, ಅರ್ಧ ನೀವ ಕುಡೀರಿ. ದಂಡ ಬಿದ್ರ ಎಣ್ಣಿ ನಾ ತರತೇನಿ."

ನಿಂತಲ್ಲೇ ಇಬ್ಬರೂ ಕುಡಿದೆವು. ಸಂಜೆ ಅಪ್ಪ ಪೂರ್ತಿ ಕೇಳುವ ಮೊದಲೇ ನಾನು ಹೂಂ ಎಂದುಬಿಟ್ಟೆ. ಅವ್ವ ಕಣ್ಣು ಕಣ್ಣು ಬಿಟ್ಟಳು.

ಮದುವೆಯಾದ ಮೇಲೆ ಆತ ಸುಮ್ಮನೆ ಐದು ಸೇರು ಎಣ್ಣೆ ತಂದು ಗುಡಿಗೆ ಕೊಟ್ಟ. ಹಿರಿಯರು ಅದನ್ನು ಹರಕೆ ಎಂದುಕೊಂಡು ಹಾರ ಹಾಕಿದರು. ಮರುವರ್ಷ ಕಟ್ಟಳೆಯೂ ತಾನಾಗಿ ಸಡಿಲಾಯಿತು.

ಒಂದು ಮಾತನ್ನು ಮಾತ್ರ ಬಹಳ ವರ್ಷ ಮುಚ್ಚಿಟ್ಟಿದ್ದೆ. ಮೊನ್ನೆ ಚಹಾ ಕುಡಿಯುತ್ತ ಹೇಳಿಯೇಬಿಟ್ಟೆ: ಅಂದು ತಾಟು ಹಿಡಿದು ನಿನ್ನೆದುರು ಬಂದಿದ್ದರೆ, ಆ ದಪ್ಪ ಮೂಗು ನೋಡಿ ಅತ್ತು ಕರೆದು ಬೇಡವೆನ್ನುತ್ತಿದ್ದೆ.

ಆತ ಬಸಿ ಕೆಳಗಿಟ್ಟು ನಕ್ಕ. "ಅದ ಮೂಗಿಗೇ ಶುಂಠಿ ವಾಸ್ನಿ ಬಡದಿತ್ತಲೇ!"